ಅಗ್ಗದ ಎಐ ಸಾಕಾ, ದುಬಾರಿಯದ್ದೇ ಬೇಕಾ? ಥಾಣೆ, ಡೊಂಬಿವಲಿ ಕನ್ನಡಿಗರಿಗೆ ಇಲ್ಲಿದೆ ಪೂರ್ತಿ ಲೆಕ್ಕ

ಡೊಂಬಿವಲಿ: ಮಹಾನಗರ ಪಾಲಿಕೆಯಿಂದ ಮರಾಠಿಯಲ್ಲಿ ಬಂದ ತೆರಿಗೆ ನೋಟಿಸ್ ಅನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಸಬೇಕು. ಥಾಣೆಯ ಹೋಟೆಲ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ವಿಚಾರಣೆಗಳಿಗೆ ಉತ್ತರ ಕೊಡಬೇಕು. ಕಲ್ಯಾಣ್‌ನ ಸಂಘದ ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ಸಿದ್ಧವಾಗಬೇಕು. ನವಿ ಮುಂಬೈನ ಐಟಿ ಕಂಪನಿಯಲ್ಲಿರುವ ಮಗಳಿಗೆ ಕೋಡ್ ಬರೆಯಲು ನೆರವು ಬೇಕು. ಇಷ್ಟೂ ಕೆಲಸಕ್ಕೆ ಈಗ ಜನ ಕೃತಕ ಬುದ್ಧಿಮತ್ತೆಯ ಮೊರೆ ಹೋಗುತ್ತಿದ್ದಾರೆ. ಆದರೆ ಯಾವ ಎಐ? ಉಚಿತವಾಗಿ ಸಿಗುವುದು ಸಾಕೇ, ತಿಂಗಳಿಗೆ ಎರಡು ಸಾವಿರ ರೂಪಾಯಿ ತೆರಬೇಕೇ?

ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್, ಡೀಪ್‌ಸೀಕ್, ಬೆಂಗಳೂರಿನ ಸರ್ವಂ... ಹೆಸರುಗಳು ಹೆಚ್ಚುತ್ತಲೇ ಇವೆ. ಯಾವುದು ಎಲ್ಲಕ್ಕಿಂತ ಒಳ್ಳೆಯದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಕೆಲಸಕ್ಕೆ, ಎಷ್ಟು ಬಾರಿ, ತಪ್ಪಾದರೆ ನಷ್ಟವೆಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೆ ಆಯ್ಕೆ ಸುಲಭ. ಈ ಕುರಿತ ವಿವರ ಇಲ್ಲಿದೆ.

ಟೋಕನ್ ಎಂದರೇನು? ಬಿಲ್ ಬರುವುದು ಹೇಗೆ?

ಎಐ ಭಾಷಾ ಮಾದರಿಗಳು ನಾವು ಬರೆದಿದ್ದನ್ನು ಪದಗಳಾಗಿ ಓದುವುದಿಲ್ಲ. ಅದನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದುಕೊಳ್ಳುತ್ತವೆ. ಈ ತುಣುಕುಗಳೇ ಟೋಕನ್. ಆ್ಯಪ್‌ನಲ್ಲಿ ತಿಂಗಳ ಚಂದಾ ಕಟ್ಟುವವರಿಗೆ ಇದರ ಲೆಕ್ಕ ನೇರವಾಗಿ ಕಾಣುವುದಿಲ್ಲ. ಆದರೆ ತಮ್ಮ ವೆಬ್‌ಸೈಟ್‌ಗೆ, ವಾಟ್ಸ್‌ಆ್ಯಪ್ ಉತ್ತರಕ್ಕೆ, ಕಚೇರಿಯ ಸಾಫ್ಟ್‌ವೇರ್‌ಗೆ ಎಐ ಜೋಡಿಸುವವರು ಎಪಿಐ ಮೂಲಕ ಬಳಸುತ್ತಾರೆ. ಅಲ್ಲಿ ಪ್ರತಿ 10 ಲಕ್ಷ ಟೋಕನ್‌ಗೆ ಇಷ್ಟು ಡಾಲರ್ ಎಂದು ದರವಿರುತ್ತದೆ.

ಗಮನಿಸಬೇಕಾದ ಸಂಗತಿ ಎಂದರೆ ದರಗಳು ಎರಡು. ನಾವು ಕಳುಹಿಸುವ ಪ್ರಶ್ನೆಗೆ ಒಂದು ದರ, ಎಐ ಬರೆದುಕೊಡುವ ಉತ್ತರಕ್ಕೆ ಇನ್ನೊಂದು. ಉತ್ತರದ ದರ ಸಾಮಾನ್ಯವಾಗಿ ನಾಲ್ಕರಿಂದ ಎಂಟು ಪಟ್ಟು ಹೆಚ್ಚು. 'ಯೋಚಿಸಿ ಉತ್ತರಿಸುವ' ಮಾದರಿಗಳು ಉತ್ತರ ಕೊಡುವ ಮೊದಲು ಒಳಗೊಳಗೇ ನಡೆಸುವ ಲೆಕ್ಕಾಚಾರವೂ ಉತ್ತರದ ದರದಲ್ಲೇ ಬಿಲ್‌ಗೆ ಸೇರುತ್ತದೆ. ಎರಡು ಸಾಲಿನ ಉತ್ತರಕ್ಕೆ ಎರಡು ಪುಟದ ಬಿಲ್ ಬರುವುದು ಹೀಗೆ.

ಕನ್ನಡಕ್ಕೆ ಖರ್ಚು ಹೆಚ್ಚು ಯಾಕೆ?

ಕಂಪ್ಯೂಟರ್‌ನಲ್ಲಿ ಇಂಗ್ಲಿಷ್‌ನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯುನಿಕೋಡ್ ಕನ್ನಡದಲ್ಲಿ ಪ್ರತಿ ಅಕ್ಷರಕ್ಕೆ, ಪ್ರತಿ ಗುಣಿತ ಚಿಹ್ನೆಗೆ ತಲಾ ಮೂರು ಬೈಟ್ ಬೇಕು. 'ಡೊಂಬಿವಲಿ' ಎಂಬ ಹೆಸರನ್ನೇ ನೋಡಿ. ಇಂಗ್ಲಿಷ್‌ನಲ್ಲಿ ಎಂಟು ಅಕ್ಷರ, ಎಂಟು ಬೈಟ್. ಕನ್ನಡದಲ್ಲಿ ಅಕ್ಷರ, ಗುಣಿತ, ಸೊನ್ನೆ ಎಲ್ಲ ಸೇರಿ ಎಂಟೇ ಘಟಕ, ಆದರೆ 24 ಬೈಟ್. ಕನ್ನಡವನ್ನು ಹೆಚ್ಚು ಓದದ ಮಾದರಿ ಇಂಥ ಪದವನ್ನು ಚೂರುಚೂರು ಮಾಡುತ್ತದೆ. ಟೋಕನ್ ಹೆಚ್ಚುತ್ತದೆ, ಬಿಲ್ ಏರುತ್ತದೆ, ಉತ್ತರವೂ ನಿಧಾನವಾಗುತ್ತದೆ.

ಪರಿಸ್ಥಿತಿ ಸುಧಾರಿಸುತ್ತಿದೆ. 2024ರ ಮೇ ತಿಂಗಳಲ್ಲಿ ಜಿಪಿಟಿ-4ಒ ಬಿಡುಗಡೆ ಮಾಡಿದಾಗ ಓಪನ್‌ಎಐ ಒಂದೇ ವಾಕ್ಯವನ್ನು ಹಲವು ಭಾಷೆಗಳಲ್ಲಿ ಬರೆದು ಹೋಲಿಕೆ ಪ್ರಕಟಿಸಿತ್ತು. ಮರಾಠಿಯಲ್ಲಿ 96 ಟೋಕನ್ ಬೇಕಿದ್ದುದು 33ಕ್ಕೆ ಇಳಿದಿತ್ತು. ತೆಲುಗಿನಲ್ಲಿ 159 ಇದ್ದುದು 45ಕ್ಕೆ ಬಂದಿತ್ತು. ಅದೇ ವಾಕ್ಯಕ್ಕೆ ಇಂಗ್ಲಿಷ್‌ನಲ್ಲಿ ಸಾಕಾಗಿದ್ದು 24 ಮಾತ್ರ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಲಿಪಿಯಲ್ಲಿ ಕನ್ನಡಕ್ಕೆ ತೀರಾ ಹತ್ತಿರವಿರುವ ತೆಲುಗಿಗೆ ಸುಧಾರಣೆಯ ನಂತರವೂ ಇಂಗ್ಲಿಷ್‌ನ ಸುಮಾರು ಎರಡು ಪಟ್ಟು ಟೋಕನ್ ಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ.

ಭಾರತೀಯ ಭಾಷೆಗಳಿಗಾಗಿಯೇ ಕಟ್ಟಿದ ಮಾದರಿಗಳ ಲಾಭ ಇಲ್ಲೇ. ಬೆಂಗಳೂರಿನ ಸರ್ವಂ ಎಐ 2024ರ ಅಕ್ಟೋಬರ್‌ನಲ್ಲಿ ಕನ್ನಡ ಸೇರಿ 10 ಭಾರತೀಯ ಭಾಷೆಗಳ ಸರ್ವಂ-1 ಮಾದರಿ ಬಿಡುಗಡೆ ಮಾಡಿತು. ಈ ಭಾಷೆಗಳ ಒಂದು ಪದಕ್ಕೆ ಬೇರೆ ಮಾದರಿಗಳು 4ರಿಂದ 8 ಟೋಕನ್ ಬಳಸಿದರೆ ತನ್ನದಕ್ಕೆ 1.4ರಿಂದ 2.1 ಸಾಕು ಎಂದು ಕಂಪನಿ ಹೇಳಿತ್ತು. ಹಾಗಾಗಿ ದರಪಟ್ಟಿಯಲ್ಲಿ ಅಗ್ಗವೆಂದು ಕಂಡಿದ್ದೆಲ್ಲ ಕನ್ನಡಕ್ಕೆ ಅಗ್ಗವಾಗಿರಬೇಕು ಎಂದೇನಿಲ್ಲ. ಹೋಲಿಸುವಾಗ ಒಂದೇ ಕನ್ನಡ ಪುಟವನ್ನು ಎರಡಕ್ಕೂ ಕೊಟ್ಟು, ಎಷ್ಟು ಟೋಕನ್ ಖರ್ಚಾಯಿತು ಎಂದು ನೋಡಬೇಕು.

ಮನೆ ಬಳಕೆಗೆ: ಉಚಿತವೇ, ಚಂದಾವೇ?

2025ರಲ್ಲಿ ಭಾರತದಲ್ಲಿ ಎಐ ಕಂಪನಿಗಳ ದರ ಸಮರವೇ ನಡೆಯಿತು. ಪ್ರಮುಖ ಕೊಡುಗೆಗಳು ಹೀಗಿದ್ದವು:

• ಚಾಟ್‌ಜಿಪಿಟಿ ಗೋ: 2025ರ ಆಗಸ್ಟ್‌ನಲ್ಲಿ ತಿಂಗಳಿಗೆ 399 ರೂ.ಗೆ ಆರಂಭ. ನವೆಂಬರ್ 4ರಿಂದ ನೋಂದಾಯಿಸಿಕೊಂಡವರಿಗೆ ಒಂದು ವರ್ಷ ಉಚಿತ ಎಂದು ಘೋಷಣೆ. ಪ್ಲಸ್ ಯೋಜನೆಯ ದರ 1,999 ರೂ.
• ಜಿಯೋ-ಜೆಮಿನಿ: ಅನ್‌ಲಿಮಿಟೆಡ್ 5ಜಿ ಗ್ರಾಹಕರಿಗೆ 35,100 ರೂ. ಮೌಲ್ಯದ ಗೂಗಲ್ ಎಐ ಪ್ರೊ 18 ತಿಂಗಳು ಉಚಿತ ಎಂದು 2025ರ ಅಕ್ಟೋಬರ್ 30ರಂದು ಘೋಷಣೆ. ಅಂದರೆ ತಿಂಗಳಿಗೆ 1,950 ರೂ.
• ಏರ್‌ಟೆಲ್-ಪರ್ಪ್ಲೆಕ್ಸಿಟಿ: 17,000 ರೂ. ಮೌಲ್ಯದ ಪ್ರೊ ಯೋಜನೆ 12 ತಿಂಗಳು ಉಚಿತ ಎಂದು 2025ರ ಜುಲೈನಲ್ಲಿ ಘೋಷಣೆ.

ಉಚಿತ ಎಂದು ಪಡೆದವರು ಮರೆಯಬಾರದ ಮಾತೊಂದಿದೆ. ಕೊಡುಗೆಯ ಅವಧಿ ಮುಗಿಯುವ ದಿನವನ್ನು ಈಗಲೇ ಮೊಬೈಲ್ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ನೋಂದಣಿ ವೇಳೆ ಕಾರ್ಡ್ ಅಥವಾ ಯುಪಿಐ ವಿವರ ಕೊಟ್ಟಿದ್ದರೆ ಆಟೋಪೇ ಚಾಲ್ತಿಯಲ್ಲಿದೆಯೇ ಎಂದು ಯುಪಿಐ ಆ್ಯಪ್‌ನಲ್ಲೇ ನೋಡಬಹುದು, ಬೇಡವಾದರೆ ಅಲ್ಲೇ ರದ್ದು ಮಾಡಬಹುದು. ಮನೆಯಲ್ಲಿ ನಾಲ್ವರು ಬೇರೆ ಬೇರೆ ಚಂದಾ ಪಡೆದು, ಯಾರೂ ಬಳಸದೆ ತಿಂಗಳಿಗೆ ಸಾವಿರಾರು ರೂಪಾಯಿ ಹೋಗುವ ಸಾಧ್ಯತೆ ಇಲ್ಲದಿಲ್ಲ.

ಹಾಗಾದರೆ ಚಂದಾ ಯಾರಿಗೆ ಬೇಕು? ವಾರಕ್ಕೆ ನಾಲ್ಕಾರು ಪ್ರಶ್ನೆ ಕೇಳುವವರಿಗೆ, ಪತ್ರ ಬರೆಸುವವರಿಗೆ, ಮಕ್ಕಳ ಪಾಠದ ಅನುಮಾನ ಪರಿಹರಿಸಿಕೊಳ್ಳುವವರಿಗೆ ಉಚಿತ ಆವೃತ್ತಿ ಸಾಕು. ದಿನವೂ ಗಂಟೆಗಟ್ಟಲೆ ಬಳಸುವವರು, ದೊಡ್ಡ ಪಿಡಿಎಫ್ ಓದಿಸುವವರು, ಕೋಡ್ ಬರೆಯುವವರು ಉಚಿತ ಮಿತಿಯನ್ನು ಬೇಗ ಮುಟ್ಟುತ್ತಾರೆ. ಒಂದು ತಿಂಗಳು ಉಚಿತದಲ್ಲೇ ಬಳಸಿ, 'ಮಿತಿ ಮುಗಿದಿದೆ' ಎಂಬ ಸಂದೇಶ ವಾರಕ್ಕೆ ಎಷ್ಟು ಸಲ ಬಂತು ಎಂದು ಎಣಿಸಿದರೆ ಚಂದಾ ಬೇಕೇ ಬೇಡವೇ ಎಂಬುದು ತಾನಾಗಿ ಗೊತ್ತಾಗುತ್ತದೆ.

ವ್ಯಾಪಾರಕ್ಕೆ: ಒಂದು ಹೋಟೆಲ್‌ನ ಲೆಕ್ಕ

ಥಾಣೆಯ ಹೋಟೆಲ್ ಒಂದಕ್ಕೆ ದಿನಕ್ಕೆ 200 ವಾಟ್ಸ್‌ಆ್ಯಪ್ ವಿಚಾರಣೆ ಬರುತ್ತದೆ ಎಂದಿಟ್ಟುಕೊಳ್ಳಿ. ಹಾಲ್ ಖಾಲಿ ಇದೆಯೇ, ಊಟಕ್ಕೆ ಎಷ್ಟು, ಪಾರ್ಸೆಲ್ ಸಿಗುತ್ತದೆಯೇ ಎಂಬಂಥ ಪ್ರಶ್ನೆಗಳು. ಪ್ರತಿ ಬಾರಿ ಮೆನು, ದರ, ಸೂಚನೆ ಸೇರಿ 1,500 ಟೋಕನ್ ಹೋಗುತ್ತದೆ, 300 ಟೋಕನ್ ಉತ್ತರ ಬರುತ್ತದೆ. ತಿಂಗಳಿಗೆ 6,000 ವಿಚಾರಣೆ ಎಂದರೆ 90 ಲಕ್ಷ ಟೋಕನ್ ಪ್ರಶ್ನೆಗೆ, 18 ಲಕ್ಷ ಟೋಕನ್ ಉತ್ತರಕ್ಕೆ. 2025ರ ಕೊನೆಯ ಭಾಗದಲ್ಲಿ ಕಂಪನಿಗಳು ಪ್ರಕಟಿಸಿದ್ದ ದರ ಹಾಗೂ ಡಾಲರ್‌ಗೆ 90 ರೂ. ಲೆಕ್ಕದಲ್ಲಿ ತಿಂಗಳ ಖರ್ಚು ಹೀಗಾಗುತ್ತದೆ:

• ಜೆಮಿನಿ 2.5 ಫ್ಲ್ಯಾಶ್-ಲೈಟ್ (10 ಲಕ್ಷ ಟೋಕನ್‌ಗೆ 0.10 ಡಾಲರ್, ಉತ್ತರಕ್ಕೆ 0.40): ಸುಮಾರು 146 ರೂ.
• ಜೆಮಿನಿ 2.5 ಫ್ಲ್ಯಾಶ್ (0.30, 2.50): ಸುಮಾರು 648 ರೂ.
• ಕ್ಲಾಡ್ ಹೈಕು 4.5 (1, 5): ಸುಮಾರು 1,620 ರೂ.
• ಜಿಪಿಟಿ-5 (1.25, 10): ಸುಮಾರು 2,630 ರೂ.
• ಕ್ಲಾಡ್ ಸಾನೆಟ್ 4.5 (3, 15): ಸುಮಾರು 4,860 ರೂ.

'ಯೋಚಿಸುವ' ಟೋಕನ್, ತೆರಿಗೆ, ವಾಟ್ಸ್‌ಆ್ಯಪ್ ಶುಲ್ಕ ಈ ಲೆಕ್ಕದಲ್ಲಿ ಸೇರಿಲ್ಲ. ಆದರೂ ಅಂತರ ಗಮನಿಸಿ. ಒಂದೇ ಕೆಲಸಕ್ಕೆ ಕನಿಷ್ಠ ಮತ್ತು ಗರಿಷ್ಠ ದರದ ನಡುವೆ 33 ಪಟ್ಟು ವ್ಯತ್ಯಾಸ. ಮೆನು ನೋಡಿ ದರ ಹೇಳುವ ಕೆಲಸಕ್ಕೆ ದೊಡ್ಡ ಮಾದರಿಯ ಅಗತ್ಯವಿಲ್ಲ.

ಎರಡನ್ನೂ ಬೆರೆಸಿ ಬಳಸುವುದು ಜಾಣತನ. ಹತ್ತರಲ್ಲಿ ಒಂಬತ್ತು ಸುಲಭ ಪ್ರಶ್ನೆಗಳನ್ನು ಅಗ್ಗದ ಮಾದರಿಗೆ, ದೂರು ಅಥವಾ ಮದುವೆ ಬುಕಿಂಗ್‌ನಂಥ ಒಂದನ್ನು ದುಬಾರಿ ಮಾದರಿಗೆ ಕಳುಹಿಸಿದರೆ ಮೇಲಿನ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 617 ರೂ. ಆಗುತ್ತದೆ. ತಕ್ಷಣ ಉತ್ತರ ಬೇಡದ ಕೆಲಸವನ್ನು ಒಟ್ಟಾಗಿ ಕಳುಹಿಸುವ ಬ್ಯಾಚ್ ಸೌಲಭ್ಯ ಬಳಸಿದರೆ ಓಪನ್‌ಎಐ, ಗೂಗಲ್, ಆಂಥ್ರೊಪಿಕ್ ಮೂರೂ ಅರ್ಧ ದರ ವಿಧಿಸುತ್ತವೆ.

ಸ್ಮರಣ ಸಂಚಿಕೆಗೆ ಲೆಕ್ಕ ತಿರುಗುಮುರುಗು

ಈಗ ಇನ್ನೊಂದು ಕೆಲಸ ನೋಡೋಣ. ಸಂಘವೊಂದರ 100 ಪುಟದ ಸ್ಮರಣ ಸಂಚಿಕೆ, ಪುಟಕ್ಕೆ 250 ಪದ. ಒಟ್ಟು 25,000 ಪದ. ಪದಕ್ಕೆ ನಾಲ್ಕು ಟೋಕನ್ ಎಂದು ಹಿಡಿದರೂ ಕಳುಹಿಸಲು ಒಂದು ಲಕ್ಷ, ತಿದ್ದಿ ಪಡೆಯಲು ಒಂದು ಲಕ್ಷ. ಫ್ಲ್ಯಾಶ್-ಲೈಟ್‌ನಲ್ಲಿ ಇದಕ್ಕೆ ಐದು ರೂಪಾಯಿಯೂ ಆಗದು. ಸಾನೆಟ್‌ನಲ್ಲಿ ಸುಮಾರು 162 ರೂ.

ಇಲ್ಲೂ ವ್ಯತ್ಯಾಸ ಹತ್ತಾರು ಪಟ್ಟು. ಆದರೆ ಉಳಿಯುವ ಹಣ 160 ರೂ.ಗಿಂತ ಕಡಿಮೆ. ಅಗ್ಗದ ಮಾದರಿ ದಾನಿಗಳ ಹೆಸರಲ್ಲಿ 'ಳ' ಇರುವಲ್ಲಿ 'ಲ' ಮಾಡಿ, 'ಣ' ಇರುವಲ್ಲಿ 'ನ' ಮಾಡಿ, ಅದನ್ನು ಸರಿಪಡಿಸಲು ಕರಡು ತಿದ್ದುವವರು ಎರಡು ಗಂಟೆ ಹೆಚ್ಚು ಕೂರಬೇಕಾದರೆ ಆ ಉಳಿತಾಯಕ್ಕೆ ಅರ್ಥವಿಲ್ಲ. ಅಚ್ಚಾದ ಮೇಲೆ ತಪ್ಪು ಕಂಡರಂತೂ ಹಣದಿಂದ ಸರಿಹೋಗದ ಮುಜುಗರ.

ಸೂತ್ರ ಇಷ್ಟೇ: ಕೆಲಸ ಸುಲಭವಿದ್ದು ಸಂಖ್ಯೆ ಹೆಚ್ಚಿದ್ದರೆ ಅಗ್ಗದ ಮಾದರಿ. ಕೆಲಸ ಕಡಿಮೆಯಿದ್ದು ತಪ್ಪಿನ ಬೆಲೆ ಹೆಚ್ಚಿದ್ದರೆ ಉತ್ತಮ ಮಾದರಿ. ಟೋಕನ್‌ಗೆ ಎಷ್ಟು ಎಂದು ನೋಡುವ ಬದಲು, ಮನುಷ್ಯರು ತಿದ್ದುವ ಸಮಯವೂ ಸೇರಿ ಒಂದು ಸರಿಯಾದ ಕೆಲಸಕ್ಕೆ ಎಷ್ಟಾಯಿತು ಎಂದು ನೋಡಬೇಕು.

ಅನುವಾದ ತಪ್ಪಿದರೆ ಏನಾಗುತ್ತದೆ?

ಇದಕ್ಕೆ ಕರ್ನಾಟಕದಲ್ಲೇ ಉದಾಹರಣೆ ಇದೆ. ಹಿರಿಯ ನಟಿ ಬಿ. ಸರೋಜಾದೇವಿ 2025ರ ಜುಲೈ 14ರಂದು ನಿಧನರಾದಾಗ ಅವರ ಅಂತಿಮ ದರ್ಶನ ಪಡೆದ ಕುರಿತು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಕಡೆಯಿಂದ ಕನ್ನಡದಲ್ಲಿ ಪೋಸ್ಟ್ ಹಾಕಲಾಗಿತ್ತು. ಮೆಟಾ ಕಂಪನಿಯ ಸ್ವಯಂಚಾಲಿತ ಅನುವಾದ ಇಂಗ್ಲಿಷ್‌ನಲ್ಲಿ ಮುಖ್ಯಮಂತ್ರಿಯೇ ನಿಧನರಾದರು ಎಂಬ ಅರ್ಥ ಬರುವಂತೆ ಮಾಡಿತು. ಸಿದ್ದರಾಮಯ್ಯ ಬಹಿರಂಗವಾಗಿ ಆಕ್ಷೇಪಿಸಿದರು, ಅವರ ಮಾಧ್ಯಮ ಸಲಹೆಗಾರರು ಕಂಪನಿಗೆ ಪತ್ರ ಬರೆದರು. ಮೆಟಾ ದೋಷ ಸರಿಪಡಿಸಿ ಕ್ಷಮೆ ಕೇಳಿತು.

ಮುಖ್ಯಮಂತ್ರಿ ಪೋಸ್ಟ್‌ನ ತಪ್ಪು ಎಲ್ಲರ ಕಣ್ಣಿಗೂ ಬಿತ್ತು. ಕಲ್ಯಾಣ್-ಡೊಂಬಿವಲಿಯ ಫ್ಲ್ಯಾಟ್‌ಗೆ ಬಂದ ನೋಟಿಸ್‌ನ ಅನುವಾದ ತಪ್ಪಿದರೆ ಹೇಳುವವರಿಲ್ಲ. ಮಹಾರಾಷ್ಟ್ರ ಸರ್ಕಾರ 2025ರ ಫೆಬ್ರವರಿಯಲ್ಲಿ ಸರ್ಕಾರಿ ಕಚೇರಿಗಳ ವ್ಯವಹಾರದಲ್ಲಿ ಮರಾಠಿ ಕಡ್ಡಾಯ ಎಂದು ಆದೇಶಿಸಿದೆ. ಹೀಗಾಗಿ ಮರಾಠಿಯಿಂದ ಕನ್ನಡಕ್ಕೆ ಸರಿಯಾಗಿ ತರುವ ಎಐ ಈ ಭಾಗದ ಕನ್ನಡಿಗರಿಗೆ ನಿಜವಾದ ಅಗತ್ಯ.

ಮರಾಠಿಯಲ್ಲಿ 'ಪಾಣಿಪಟ್ಟಿ' ಎಂದರೆ ನೀರಿನ ತೆರಿಗೆ. ಪದಶಃ ಅನುವಾದಿಸುವ ಯಂತ್ರ ಅದನ್ನು ನೀರಿನ ಪಟ್ಟಿ ಮಾಡಬಹುದು. 'ಥಕಬಾಕಿ' ಎಂದರೆ ಕಟ್ಟದೆ ಉಳಿದ ಬಾಕಿ. ಮರಾಠಿಯ 'ಶಿಕ್ಷಾ' ನಮ್ಮ ಶಿಕ್ಷೆಯೇ, ಆದರೆ ಹಿಂದಿಯಲ್ಲಿ ಅದೇ ಪದಕ್ಕೆ ಶಿಕ್ಷಣ ಎಂಬ ಅರ್ಥ. ಹಿಂದಿಯನ್ನೇ ಹೆಚ್ಚು ಓದಿರುವ ಮಾದರಿ ಇಲ್ಲಿ ಎಡವಬಹುದು. ಬಾಕಿ ಮೊತ್ತ, ಕೊನೆಯ ದಿನಾಂಕ, ಕಲಂ ಸಂಖ್ಯೆ ಈ ಮೂರನ್ನು ಮೂಲ ಪ್ರತಿಯೊಂದಿಗೆ ಕಣ್ಣಾರೆ ತಾಳೆ ನೋಡದೆ ಯಾವ ಎಐ ಅನುವಾದವನ್ನೂ ನಂಬಬಾರದು.

ಬರೀ ಅನುವಾದ ಸಾಕು ಎನ್ನುವವರಿಗೆ ದೊಡ್ಡ ಮಾದರಿಯೇ ಬೇಕೆಂದಿಲ್ಲ. ಕೇಂದ್ರ ಸರ್ಕಾರದ ಭಾಷಿಣಿ ವೇದಿಕೆಯಿದೆ. ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡ 2023ರಲ್ಲಿ ಹೊರತಂದ ಇಂಡಿಕ್‌ಟ್ರಾನ್ಸ್2 ಮಾದರಿ ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ 22 ಭಾಷೆಗಳನ್ನು ಒಳಗೊಂಡಿದ್ದು, ಮುಕ್ತವಾಗಿ ಸಿಗುತ್ತದೆ.

ಸಾಮರ್ಥ್ಯ ಪರೀಕ್ಷಿಸುವುದು ಹೇಗೆ?

ಕಂಪನಿಗಳು ಪ್ರಕಟಿಸುವ ಅಂಕಪಟ್ಟಿಗಳು ಬಹುತೇಕ ಇಂಗ್ಲಿಷ್, ಗಣಿತ ಮತ್ತು ಕೋಡಿಂಗ್‌ಗೆ ಸಂಬಂಧಿಸಿದವು. ಓಪನ್‌ಎಐ 2025ರ ನವೆಂಬರ್‌ನಲ್ಲಿ ಪ್ರಕಟಿಸಿದ ಇಂಡ್‌ಕ್ಯೂಎ ಪರೀಕ್ಷೆಯಲ್ಲಿ ಕನ್ನಡವೂ ಸೇರಿ 12 ಭಾಷೆಗಳ 2,278 ಪ್ರಶ್ನೆಗಳಿವೆ. ಇದು ಒಳ್ಳೆಯ ಬೆಳವಣಿಗೆ. ಆದರೆ ನಿಮ್ಮ ಕೆಲಸಕ್ಕೆ ನಿಮ್ಮದೇ ಪರೀಕ್ಷೆ ಉತ್ತಮ. ಅರ್ಧ ಗಂಟೆಯಲ್ಲಿ ಹೀಗೆ ಮಾಡಬಹುದು:

• ಹಳೆಯ ಮರಾಠಿ ನೋಟಿಸ್ ಒಂದನ್ನು ಹೆಸರು, ವಿಳಾಸ ಅಳಿಸಿ ಕೊಡಿ. ಮೊತ್ತ, ದಿನಾಂಕ ಸರಿಯಾಗಿ ಬಂತೇ ನೋಡಿ.
• ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪ್ ಮಾಡಿ ಪ್ರಶ್ನೆ ಕೇಳಿ. ಮುಂಬೈ ಕಡೆ ಬೆಳೆದ ಅನೇಕ ಮಕ್ಕಳು ಕನ್ನಡ ಮಾತಾಡುತ್ತಾರೆ, ಲಿಪಿ ಬಾರದು. ಗ್ರಾಹಕರ ಸಂದೇಶಗಳೂ ಹೀಗೇ ಬರುತ್ತವೆ.
• ಮಂಗಳೂರು ಅಥವಾ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಕೇಳಿ.
• ಆಮಂತ್ರಣ ಬರೆಸಿ. ಹಿರಿಯರಿಗೆ 'ತಾವು' ಬಂತೇ, 'ನೀನು' ಎಂದಿತೇ ಗಮನಿಸಿ.
• ಲಕ್ಷ, ಕೋಟಿಯ ಮೊತ್ತ ಕೊಟ್ಟು ಕೂಡಿಸಲು ಹೇಳಿ.
• ಇಲ್ಲದ ಪುಸ್ತಕವೊಂದರ ಹೆಸರು ಹೇಳಿ ಅದರ ಲೇಖಕರು ಯಾರು ಎಂದು ಕೇಳಿ. ಗೊತ್ತಿಲ್ಲ ಎಂದರೆ ಒಳ್ಳೆಯ ಲಕ್ಷಣ. ಹೆಸರು ಹುಟ್ಟುಹಾಕಿದರೆ ಎಚ್ಚರ.

ಪ್ರತಿ ಪ್ರಶ್ನೆಯನ್ನು ಮೂರು ಸಲ ಕೇಳಿ. ಒಮ್ಮೆ ಸರಿ, ಒಮ್ಮೆ ತಪ್ಪು ಹೇಳುವ ಮಾದರಿಯನ್ನು ಗ್ರಾಹಕರ ಮುಂದೆ ನಿಲ್ಲಿಸಲಾಗದು. ಮೊದಲು ಅಗ್ಗದ್ದರಿಂದ ಆರಂಭಿಸಿ, ಅದು ಸೋತಲ್ಲಿ ಮಾತ್ರ ಒಂದು ಮೆಟ್ಟಿಲು ಮೇಲೆ ಹೋಗುವುದು ಕ್ರಮ.

ಗ್ರಾಹಕರ ಮಾಹಿತಿ ಎಲ್ಲಿಗೆ ಹೋಗುತ್ತದೆ?

ಕ್ರೆಡಿಟ್ ಸೊಸೈಟಿ, ಕ್ಲಿನಿಕ್, ಲೆಕ್ಕಪರಿಶೋಧಕರ ಕಚೇರಿ, ಟ್ಯೂಷನ್ ಕ್ಲಾಸ್ ನಡೆಸುವವರಿಗೆ ಬೆಲೆಗಿಂತ ಮೊದಲು ಬರುವ ಪ್ರಶ್ನೆ ಇದು. ಉಚಿತ ಆ್ಯಪ್‌ಗಳಲ್ಲಿ ನಮ್ಮ ಸಂಭಾಷಣೆಯನ್ನು ಮಾದರಿಗೆ ತರಬೇತಿ ನೀಡಲು ಬಳಸುವ ಸಾಧ್ಯತೆ ಇದೆ. ಚಾಟ್‌ಜಿಪಿಟಿಯಂಥವುಗಳ ಸೆಟ್ಟಿಂಗ್ಸ್‌ನಲ್ಲಿ ಇದನ್ನು ನಿಲ್ಲಿಸಬಹುದು. ಓಪನ್‌ಎಐ ತನ್ನ ಹಣ ತೆತ್ತು ಬಳಸುವ ಎಪಿಐ ಮಾಹಿತಿಯನ್ನು ಗ್ರಾಹಕರು ಒಪ್ಪದೆ ತರಬೇತಿಗೆ ಬಳಸುವುದಿಲ್ಲ ಎಂದು ಹೇಳುತ್ತದೆ. ಜೆಮಿನಿಯ ಉಚಿತ ಎಪಿಐ ಮತ್ತು ಪಾವತಿ ಎಪಿಐ ನಿಯಮಗಳು ಈ ವಿಷಯದಲ್ಲಿ ಬೇರೆ ಬೇರೆ.

ಕೇಂದ್ರ ಹಣಕಾಸು ಸಚಿವಾಲಯ 2025ರ ಜನವರಿಯಲ್ಲಿ ಕಚೇರಿಯ ಕಂಪ್ಯೂಟರ್‌ಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥ ಆ್ಯಪ್ ಬಳಸದಂತೆ ಸಿಬ್ಬಂದಿಗೆ ಸೂಚಿಸಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಯಾಗುತ್ತಿವೆ. ಮಾಹಿತಿ ಕಾಪಾಡುವಲ್ಲಿ ಲೋಪವಾದರೆ 250 ಕೋಟಿ ರೂ.ವರೆಗೆ ದಂಡಕ್ಕೆ ಅವಕಾಶವಿದೆ. ಸದಸ್ಯರ ಆಧಾರ್, ಪ್ಯಾನ್, ಸಾಲದ ವಿವರವನ್ನು ಉಚಿತ ಆ್ಯಪ್‌ಗೆ ಅಂಟಿಸಿ 'ಪಟ್ಟಿ ಮಾಡಿಕೊಡು' ಎನ್ನುವುದು ಯಾವ ಲೆಕ್ಕದಲ್ಲೂ ಅಗ್ಗವಲ್ಲ.

ಮಾಹಿತಿ ಹೊರಹೋಗಬಾರದು ಎನ್ನುವವರಿಗೆ ಮುಕ್ತ ಮಾದರಿಗಳಿವೆ. ಗೂಗಲ್‌ನ ಜೆಮ್ಮಾ, ಮೆಟಾದ ಲಾಮಾ, ಡೀಪ್‌ಸೀಕ್, ಓಪನ್‌ಎಐನ ಜಿಪಿಟಿ-ಒಎಸ್‌ಎಸ್ ಇವುಗಳನ್ನು ಇಳಿಸಿಕೊಂಡು ಸ್ವಂತ ಯಂತ್ರದಲ್ಲೇ ಓಡಿಸಬಹುದು. ಜಿಪಿಟಿ-ಒಎಸ್‌ಎಸ್‌ನ ಸಣ್ಣ ಆವೃತ್ತಿ 16 ಜಿಬಿ ಮೆಮೊರಿಯಲ್ಲಿ ಓಡುತ್ತದೆ ಎಂದು ಕಂಪನಿ ಹೇಳಿದೆ. ಇಲ್ಲಿ ಟೋಕನ್‌ಗೆ ಬಿಲ್ ಇಲ್ಲ, ಆದರೆ ಕಂಪ್ಯೂಟರ್, ವಿದ್ಯುತ್, ನೋಡಿಕೊಳ್ಳುವವರ ಸಂಬಳ ಇದ್ದೇ ಇದೆ. ದಿನಕ್ಕೆ ಕೆಲವು ನೂರು ಪ್ರಶ್ನೆಗಳಷ್ಟೇ ಇದ್ದರೆ ಹಣದ ದೃಷ್ಟಿಯಿಂದ ಇದು ಲಾಭವಾಗದು.

ಸರ್ವರ್ ಇರುವುದು ಪಕ್ಕದಲ್ಲೇ!

ದೊಡ್ಡ ಎಐ ಎಂದರೆ ಅಮೆರಿಕದಲ್ಲೇ ಓಡಬೇಕು ಎಂದೇನಿಲ್ಲ. ಐರೋಲಿ, ಮಹಾಪೆಯಿಂದ ಪನ್ವೇಲ್‌ವರೆಗೆ ನವಿ ಮುಂಬೈ ದೇಶದ ಪ್ರಮುಖ ಡೇಟಾ ಸೆಂಟರ್ ವಲಯ. ಪನ್ವೇಲ್‌ನಲ್ಲಿ 2020ರಲ್ಲಿ ಶುರುವಾದ ಯೋಟ್ಟಾದ ಎನ್‌ಎಂ1 ಕೇಂದ್ರದಲ್ಲಿ ಎನ್ವಿಡಿಯಾ ಎಚ್100 ಚಿಪ್‌ಗಳಿವೆ. 2025ರ ಫೆಬ್ರವರಿಯಲ್ಲಿ ಕಂಪನಿ ಡೀಪ್‌ಸೀಕ್‌ನ ಮುಕ್ತ ಮಾದರಿಯನ್ನು ಇಲ್ಲೇ ಓಡಿಸಿ ಮೈಶಕ್ತಿ ಎಂಬ ಚಾಟ್‌ಬಾಟ್ ಹೊರತಂದಿತು. ಮಾದರಿ ಚೀನಾದ್ದಾದರೂ ಮಾಹಿತಿ ಭಾರತದ ಸರ್ವರ್‌ನಲ್ಲೇ ಉಳಿಯುತ್ತದೆ ಎಂಬುದು ಇದರ ಹಿಂದಿನ ವಾದ. ಮಾದರಿ ಯಾರದ್ದು, ಅದು ಓಡುವ ಯಂತ್ರ ಎಲ್ಲಿದೆ ಎಂಬುದು ಎರಡು ಬೇರೆ ಪ್ರಶ್ನೆಗಳು. ಸೇವೆ ಕೊಳ್ಳುವಾಗ ಎರಡನ್ನೂ ಕೇಳಬೇಕು.

ಕೇಂದ್ರ ಸಂಪುಟ 2024ರ ಮಾರ್ಚ್‌ನಲ್ಲಿ 10,372 ಕೋಟಿ ರೂ. ವೆಚ್ಚದ ಇಂಡಿಯಾಎಐ ಮಿಷನ್‌ಗೆ ಒಪ್ಪಿಗೆ ನೀಡಿದೆ. ಇದರಡಿ ನವೋದ್ಯಮಗಳಿಗೆ, ಸಂಶೋಧಕರಿಗೆ ಜಿಪಿಯು ಸೌಲಭ್ಯ ಗಂಟೆಗೆ ಸುಮಾರು 65 ರೂ.ನಂತೆ ಸಬ್ಸಿಡಿ ದರದಲ್ಲಿ ಸಿಗುತ್ತದೆ. ಭಾರತದ್ದೇ ದೊಡ್ಡ ಮಾದರಿ ಕಟ್ಟಲು 2025ರ ಏಪ್ರಿಲ್‌ನಲ್ಲಿ ಮೊದಲು ಆಯ್ಕೆಯಾದದ್ದು ಸರ್ವಂ.

ಯಾರಿಗೆ ಯಾವುದು? ಸಂಕ್ಷಿಪ್ತವಾಗಿ

• ವಿದ್ಯಾರ್ಥಿ, ಗೃಹಿಣಿ, ಹಿರಿಯರು: ಉಚಿತ ಆವೃತ್ತಿ. ಜೆಮಿನಿ ಆ್ಯಪ್ 2024ರ ಜೂನ್‌ನಿಂದ ಕನ್ನಡದಲ್ಲೂ ಲಭ್ಯ.
• ಐಟಿ ಉದ್ಯೋಗಿ, ಕೋಡ್ ಬರೆಯುವವರು: ಉನ್ನತ ಮಾದರಿಯ ಒಂದೇ ಚಂದಾ. ಕಚೇರಿಯ ಕೋಡ್ ಹಾಕುವ ಮೊದಲು ಕಂಪನಿಯ ಅನುಮತಿ ಕಡ್ಡಾಯ.
• ಹೋಟೆಲ್, ಅಂಗಡಿ: ಸಣ್ಣ ಮಾದರಿಯ ಎಪಿಐ, ಕಷ್ಟದ ಪ್ರಶ್ನೆಗೆ ದೊಡ್ಡದು. ಖಾತೆಯಲ್ಲಿ ತಿಂಗಳ ಖರ್ಚಿನ ಮಿತಿ ಹಾಕಿಡಿ.
• ಸಂಘ, ಪತ್ರಿಕೆ, ಮುದ್ರಣಾಲಯ: ಉತ್ತಮ ಮಾದರಿ, ಜತೆಗೆ ಕನ್ನಡ ಬಲ್ಲವರ ಕೊನೆಯ ತಿದ್ದುಪಡಿ.
• ಕ್ರೆಡಿಟ್ ಸೊಸೈಟಿ, ಕ್ಲಿನಿಕ್: ಲಿಖಿತ ಕರಾರು ಇರುವ ಪಾವತಿ ಸೇವೆ ಅಥವಾ ಸ್ವಂತ ಯಂತ್ರದ ಮುಕ್ತ ಮಾದರಿ.

ಕೊನೆಯ ಮಾತು: ವರ್ಷದ ಕರಾರಿಗೆ ಬೀಳಬೇಡಿ. 2023ರ ಮಾರ್ಚ್‌ನಲ್ಲಿ ಜಿಪಿಟಿ-4 ಬಂದಾಗ 10 ಲಕ್ಷ ಟೋಕನ್ ಪ್ರಶ್ನೆಗೆ 30 ಡಾಲರ್ ಇತ್ತು. 2024ರ ಜುಲೈನಲ್ಲಿ ಬಂದ ಜಿಪಿಟಿ-4ಒ ಮಿನಿಗೆ 0.15 ಡಾಲರ್. ಒಂದೂವರೆ ವರ್ಷ ಕಳೆಯುವ ಮೊದಲೇ ದರ 200 ಪಟ್ಟು ಇಳಿದಿತ್ತು. ಮೂರು ತಿಂಗಳಿಗೊಮ್ಮೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ, ದರಪಟ್ಟಿ ನೋಡಿ, ಬೇಕಿದ್ದರೆ ಬದಲಿಸಿ. ಮಾದರಿ ಬದಲಾಗಬಹುದು, ನಿಮ್ಮ ಪ್ರಶ್ನೆಗಳ ಪಟ್ಟಿಯನ್ನು ಮಾತ್ರ ಜೋಪಾನವಾಗಿಡಿ.